ಲ್ಯಾಪ್‌ಟಾಪ್ ಉನ್ನತೀಕರಣ

ಲ್ಯಾಪ್‌ಟಾಪ್ ಉನ್ನತೀಕರಣ ಎಂದರೆ ಬಳಕೆಯಲ್ಲಿರುವ ಲ್ಯಾಪ್‌ಟಾಪ್ ಗಣಕದ ಕೆಲವು ಬಿಡಿಭಾಗಗಳನ್ನು ಅಥವಾ ತಂತ್ರಾಂಶವನ್ನು ಬದಲಾಯಿಸಿ ಅದರ ವೇಗ, ಸಂಗ್ರಹ ಸಾಮರ್ಥ್ಯ ಅಥವಾ ಬಾಳಿಕೆಯನ್ನು ಹೆಚ್ಚಿಸುವ ಕ್ರಿಯೆ. ಹೊಸ ಗಣಕಕ್ಕಿಂತ ಕಡಿಮೆ ವೆಚ್ಚದಲ್ಲಿ ಹಳೆಯದನ್ನೇ ಇನ್ನೂ ಕೆಲವು ವರ್ಷ ಬಳಸುವುದು ಇದರ ಮುಖ್ಯ ಉದ್ದೇಶ. ಡೆಸ್ಕ್‌ಟಾಪ್ ಗಣಕದಲ್ಲಿ ಬಹುತೇಕ ಎಲ್ಲ ಭಾಗಗಳನ್ನೂ ಬದಲಾಯಿಸಬಹುದು. ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್‌ಗಳನ್ನು ಸಾಮಾನ್ಯವಾಗಿ ಮದರ್‌ಬೋರ್ಡಿಗೆ ಬೆಸೆದಿರುವುದರಿಂದ, ಉನ್ನತೀಕರಣವು ಹೆಚ್ಚಾಗಿ ಸಂಗ್ರಹ ಸಾಧನ, ರ‍್ಯಾಮ್, ಬ್ಯಾಟರಿ ಮತ್ತು ಕಾರ್ಯಾಚರಣ ವ್ಯವಸ್ಥೆಗಳಿಗೆ ಸೀಮಿತವಾಗಿದೆ.

ನಿಧಾನಗತಿಯ ಕಾರಣಗಳು

ಹಳೆಯ ಲ್ಯಾಪ್‌ಟಾಪ್ ನಿಧಾನವಾಗಲು ಪ್ರೊಸೆಸರ್ ಒಂದೇ ಕಾರಣವಲ್ಲ. ಬರವಣಿಗೆ, ಅಂತರಜಾಲ ವೀಕ್ಷಣೆ, ವಿಡಿಯೊ ತರಗತಿಗಳಂಥ ದೈನಂದಿನ ಕೆಲಸಗಳಲ್ಲಿ ಹಾರ್ಡ್ ಡಿಸ್ಕ್ ಅಥವಾ ರ‍್ಯಾಮ್ ಕೊರತೆಯೇ ಹೆಚ್ಚಾಗಿ ಅಡ್ಡಿಯಾಗುತ್ತದೆ. ಆದ್ದರಿಂದ ಹಣ ವ್ಯಯಿಸುವ ಮೊದಲು ಅಡ್ಡಿ ಎಲ್ಲಿದೆ ಎಂಬುದನ್ನು ಗುರುತಿಸುವುದು ಅಗತ್ಯ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ ಸತತವಾಗಿ 100%ರ ಬಳಿ ಇದ್ದರೆ ಸಂಗ್ರಹ ಸಾಧನವೂ, ಮೆಮೊರಿ ಬಳಕೆ ತುಂಬಿದ್ದರೆ ರ‍್ಯಾಮ್ ಕೊರತೆಯೂ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಗಣಕವು ಕಾದಾಗ ಮಾತ್ರ ನಿಧಾನವಾಗುತ್ತಿದ್ದರೆ ದೂಳು ತುಂಬಿದ ಫ್ಯಾನ್ ಅಥವಾ ಒಣಗಿದ ಥರ್ಮಲ್ ಪೇಸ್ಟ್ ಕಾರಣವಿರಬಹುದು. ಇದಕ್ಕೆ ಹೊಸ ಭಾಗದ ಬದಲು ಸ್ವಚ್ಛತೆಯೇ ಸಾಕಾಗುತ್ತದೆ.

ಸಂಗ್ರಹ ಸಾಧನ

ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಅಳವಡಿಸುವುದು ಸಾಮಾನ್ಯವಾಗಿ ಅತ್ಯಂತ ಫಲಕಾರಿ ಬದಲಾವಣೆ. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕಿನ ತಟ್ಟೆಗಳು ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಪ್ರತಿ ಕಡತವನ್ನು ಓದಲು ಅದರ ಓದುಮುಳ್ಳು ಸರಿಯಾದ ಸ್ಥಾನಕ್ಕೆ ಚಲಿಸಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳಿಲ್ಲ. ಆದ್ದರಿಂದ ಚದುರಿರುವ ಸಣ್ಣ ಸಣ್ಣ ಕಡತಗಳನ್ನು ಅದು ಬಹುಬೇಗ ಓದುತ್ತದೆ. ಗಣಕ ಚಾಲೂ ಆಗುವ ಸಮಯ ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯುವುದು ಈ ಕಾರಣದಿಂದ.

2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನು ಹಳೆಯ ಹಾರ್ಡ್ ಡಿಸ್ಕಿನ ಸ್ಥಳದಲ್ಲೇ ಕೂರಿಸಬಹುದು. ಇದರ ವೇಗ ಸೆಕೆಂಡಿಗೆ ಸುಮಾರು 550 ಮೆಗಾಬೈಟ್‌ಗಳಿಗೆ ಸೀಮಿತ. ಅನಂತರದ ಮಾದರಿಗಳಲ್ಲಿ ಎಂ.2 ಎಂಬ ಕಿರಿದಾದ ಕಿಂಡಿ ಇರುತ್ತದೆ. ಇದಕ್ಕೆ ಸಾಟಾ ಹಾಗೂ ಎನ್‌ವಿಎಂಇ ಎಂಬ ಎರಡು ಬಗೆಯ ಎಸ್‌ಎಸ್‌ಡಿಗಳು ದೊರೆಯುತ್ತವೆ. ನೋಟಕ್ಕೆ ಒಂದೇ ರೀತಿ ಕಂಡರೂ ಇವು ಎಲ್ಲ ಕಿಂಡಿಗಳಲ್ಲೂ ಕೆಲಸ ಮಾಡುವುದಿಲ್ಲ. ಕೊಳ್ಳುವ ಮೊದಲು ತಯಾರಕರ ಕೈಪಿಡಿಯನ್ನು ಪರಿಶೀಲಿಸಬೇಕು. ತೆಗೆದ ಹಾರ್ಡ್ ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಯುಎಸ್‌ಬಿ ಕವಚದಲ್ಲಿಟ್ಟು ಬ್ಯಾಕಪ್‌ಗೆ ಬಳಸಬಹುದು.

ರ‍್ಯಾಮ್

ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಒ-ಡಿಐಎಂಎಂ ಎಂಬ ಕಿರಿಯ ಗಾತ್ರದ ರ‍್ಯಾಮ್ ಪಟ್ಟಿಗಳನ್ನು ಬಳಸಲಾಗುತ್ತದೆ. ಡಿಡಿಆರ್3 ಪಟ್ಟಿಗೆ 204, ಡಿಡಿಆರ್4ಗೆ 260 ಮತ್ತು ಡಿಡಿಆರ್5ಗೆ 262 ಪಿನ್‌ಗಳಿವೆ. ಒಂದು ಬಗೆಯ ಪಟ್ಟಿ ಇನ್ನೊಂದರ ಕಿಂಡಿಗೆ ಹೊಂದುವುದಿಲ್ಲ. ಡಿಡಿಆರ್3ರಲ್ಲಿಯೇ 1.5 ವೋಲ್ಟ್‌ನ ಸಾಮಾನ್ಯ ಪಟ್ಟಿ ಮತ್ತು 1.35 ವೋಲ್ಟ್‌ನ ಡಿಡಿಆರ್3ಎಲ್ ಪಟ್ಟಿ ಎಂಬ ಭೇದವಿದೆ. 32 ಬಿಟ್‌ನ ಸಾಮಾನ್ಯ ವಿಂಡೋಸ್ ಆವೃತ್ತಿಗಳು 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಬಳಸಲಾರವು. ಹೆಚ್ಚುವರಿ ರ‍್ಯಾಮ್‌ನ ಪ್ರಯೋಜನಕ್ಕೆ 64 ಬಿಟ್‌ನ ವ್ಯವಸ್ಥೆ ಬೇಕು. ಅನೇಕ ತೆಳು ಮಾದರಿಗಳಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ. ಅಂಥವನ್ನು ಕೊಳ್ಳುವಾಗಲೇ ಸಾಕಷ್ಟು ರ‍್ಯಾಮ್ ಇರುವಂತೆ ನೋಡಿಕೊಳ್ಳುವುದೊಂದೇ ದಾರಿ.

ಬ್ಯಾಟರಿ

ಲಿಥಿಯಂ-ಅಯಾನ್ ಬ್ಯಾಟರಿಯ ಸಾಮರ್ಥ್ಯ ಚಾರ್ಜಿಂಗ್ ಆವರ್ತಗಳೊಂದಿಗೆ ಕುಗ್ಗುತ್ತದೆ. ಅತಿಯಾದ ಉಷ್ಣತೆ ಈ ಕ್ಷಯವನ್ನು ಹೆಚ್ಚಿಸುತ್ತದೆ. ಊದಿಕೊಂಡ ಬ್ಯಾಟರಿಯಿಂದ ಬೆಂಕಿಯ ಅಪಾಯವಿರುವುದರಿಂದ ಅದನ್ನು ಚುಚ್ಚದೆ, ಒತ್ತದೆ, ಬಳಕೆಯನ್ನು ಕೂಡಲೇ ನಿಲ್ಲಿಸಿ ತಜ್ಞರಿಂದ ಬದಲಾಯಿಸಿಕೊಳ್ಳಬೇಕು. ಸ್ಮಾರ್ಟ್‌ಫೋನ್‌ಗಳಿಗೂ ಇದೇ ಅನ್ವಯಿಸುತ್ತದೆ. ಅವುಗಳ ರ‍್ಯಾಮ್ ಬದಲಾಯಿಸಲು ಬರುವುದಿಲ್ಲವಾದರೂ ಬ್ಯಾಟರಿ ಬದಲಾವಣೆಯಿಂದ ಬಾಳಿಕೆ ಹೆಚ್ಚುತ್ತದೆ.

ಕಾರ್ಯಾಚರಣ ವ್ಯವಸ್ಥೆ

2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಟಿಪಿಎಂ 2.0 ಭದ್ರತಾ ವ್ಯವಸ್ಥೆ ಮತ್ತು ಅನುಮೋದಿತ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನ ಏಳನೆಯ ಮತ್ತು ಅದಕ್ಕಿಂತ ಹಿಂದಿನ ಪೀಳಿಗೆಯ ಬಹುತೇಕ ಪ್ರೊಸೆಸರ್‌ಗಳು ಈ ಪಟ್ಟಿಯಲ್ಲಿಲ್ಲ. ಹೀಗಾಗಿ ಯಂತ್ರಾಂಶ ಸುಸ್ಥಿತಿಯಲ್ಲಿದ್ದರೂ ಅನೇಕ ಗಣಕಗಳು ಅಧಿಕೃತ ನವೀಕರಣಕ್ಕೆ ಅನರ್ಹವಾದವು.

ಇಂಥ ಗಣಕಗಳಿಗೆ ಲಿನಕ್ಸ್ ಮಿಂಟ್, ಲುಬುಂಟು, ಡೆಬಿಯನ್ ಮುಂತಾದ ಉಚಿತ ವಿತರಣೆಗಳು ಪರ್ಯಾಯವಾಗಿವೆ. ಪೆನ್ ಡ್ರೈವ್‌ನಿಂದ ಚಲಾಯಿಸಿ ಪರೀಕ್ಷಿಸಿದ ಬಳಿಕವೇ ಇವನ್ನು ಸ್ಥಾಪಿಸಿಕೊಳ್ಳಬಹುದು. ಕನ್ನಡದ ನುಡಿ ತಂತ್ರಾಂಶವು ವಿಂಡೋಸ್‌ಗಾಗಿ ರೂಪಿತವಾದುದು. ಲಿನಕ್ಸ್‌ನಲ್ಲಿ ಐಬಸ್ ಮೂಲಕ ಕಗಪ ಹಾಗೂ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸಗಳಲ್ಲಿ ಯೂನಿಕೋಡ್ ಕನ್ನಡವನ್ನು ಟೈಪಿಸಬಹುದು. ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿರುವ ಹಳೆಯ ಕಡತಗಳನ್ನು ಮೊದಲೇ ಪರಿವರ್ತಿಸಿಕೊಳ್ಳುವುದು ಅನುಕೂಲಕರ.

ಮುನ್ನೆಚ್ಚರಿಕೆಗಳು

* ಯಾವುದೇ ಬದಲಾವಣೆಗೆ ಮೊದಲು ಕಡತಗಳ ಪ್ರತಿಯನ್ನು ಬೇರೆ ಸಾಧನದಲ್ಲಿ ಇಟ್ಟುಕೊಳ್ಳಬೇಕು.
* ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ ಅದರ ಮರುಪಡೆಯುವ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು.
* ಹೊರಕವಚ ತೆರೆಯುವ ಮುನ್ನ ಗಣಕವನ್ನು ಪೂರ್ಣವಾಗಿ ಆರಿಸಿ, ಚಾರ್ಜರ್ ತೆಗೆದು, ಸಾಧ್ಯವಿದ್ದರೆ ಬ್ಯಾಟರಿಯ ಸಂಪರ್ಕವನ್ನೂ ಕಡಿಯಬೇಕು.
* ವಾರಂಟಿ ಉಳಿದಿದ್ದರೆ ಅದರ ನಿಬಂಧನೆಗಳನ್ನು ಮೊದಲೇ ಓದಬೇಕು.

ಮದರ್‌ಬೋರ್ಡ್ ಅಥವಾ ಪರದೆ ಕೆಟ್ಟಿದ್ದು, ದುರಸ್ತಿಯ ವೆಚ್ಚವು ಗಣಕದ ಈಗಿನ ಬೆಲೆಯನ್ನು ಸಮೀಪಿಸಿದರೆ ಉನ್ನತೀಕರಣ ಲಾಭದಾಯಕವಲ್ಲ.

ದುರಸ್ತಿಯ ಹಕ್ಕು ಮತ್ತು ಇ-ತ್ಯಾಜ್ಯ

ಬೆಸೆದ ಬಿಡಿಭಾಗಗಳು ಮತ್ತು ದುರಸ್ತಿ ಮಾಹಿತಿಯ ಅಲಭ್ಯತೆಯಿಂದಾಗಿ ದುರಸ್ತಿಯ ಹಕ್ಕಿನ ಬೇಡಿಕೆ ಹಲವು ದೇಶಗಳಲ್ಲಿ ಬಲಗೊಂಡಿದೆ. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್‌ನಲ್ಲಿ ಈ ಕುರಿತು ಜಾಲತಾಣವೊಂದನ್ನು ಆರಂಭಿಸಿತು. ಬಳಕೆಗೆ ಬಾರದ ಗಣಕ ಮತ್ತು ಬ್ಯಾಟರಿಗಳನ್ನು ಮನೆಯ ಕಸದೊಂದಿಗೆ ಬೆರೆಸಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022, ವಿದ್ಯುನ್ಮಾನ ತ್ಯಾಜ್ಯದ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.