ಧಾರವಾಡದ ಗಣಿತ, ಮುಂಬಯಿಯ ಕಾಗದ

ನನ್ನ ಸೋದರಮಾವ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಇಂಟರ್ ಪಾಸಾಗಿ 1951ರಲ್ಲಿ ಮುಂಬಯಿಗೆ ಬಂದರು. ಅಜ್ಜ ತೀರಿಕೊಂಡಿದ್ದರು, ಮನೆಗೆ ದುಡ್ಡು ಕಳಿಸಬೇಕಿತ್ತು. ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ ಆಗಬೇಕೆಂಬ ಹಟ ಮಾತ್ರ ಬಿಟ್ಟಿರಲಿಲ್ಲ. ಫೋರ್ಟಿನಲ್ಲಿ ಕಾರಕೂನಿಕೆ ಹಿಡಿದು, ಬಿ.ಎ.ಯ ಉಳಿದ ಎರಡು ವರ್ಷ ಇಲ್ಲೇ ಮುಗಿಸುವುದು ಅವರ ಲೆಕ್ಕ. ಆ ಲೆಕ್ಕವೇ ತಪ್ಪಿತು.

ಅದಕ್ಕೊಂದು ಹಿನ್ನೆಲೆಯಿದೆ. 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯದ ಕೈಕೆಳಗೇ ಪುಣೆ, ಅಹಮದಾಬಾದು, ಬೆಳಗಾವಿ, ಧಾರವಾಡದ ಕಾಲೇಜುಗಳೆಲ್ಲ ಇದ್ದವು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜೂ ಅಷ್ಟೇ. ಧಾರವಾಡದ ಹುಡುಗ ಮುಂಬಯಿಯ ಕಾಲೇಜು ಸೇರಿದರೆ, ನಮ್ಮ ಬ್ಯಾಂಕಿನ ಭಾಷೆಯಲ್ಲಿ, ಒಂದು ಶಾಖೆಯಿಂದ ಇನ್ನೊಂದು ಶಾಖೆಗೆ ಖಾತೆ ವರ್ಗವಾದ ಹಾಗೆ. ಪರೀಕ್ಷೆ ಅದೇ, ಪದವಿ ಅದೇ. 1949ರಲ್ಲಿ ಪುಣೆ, ಗುಜರಾತ್, ಕರ್ನಾಟಕ ವಿಶ್ವವಿದ್ಯಾಲಯಗಳು ಬೇರೆಯಾದವು. ನಮ್ಮದರ ಕಚೇರಿ ಮೊದಲು ಮುಂಬಯಿಯಲ್ಲೇ ಇದ್ದು, 1950ರಲ್ಲಿ ಧಾರವಾಡಕ್ಕೆ ಹೋಯಿತು. ಕನ್ನಡಿಗರಿಗೆ ಅದು ಹಬ್ಬ. ಮಾವನ ಪಾಲಿಗೆ ಮಾತ್ರ ಬ್ಯಾಂಕೇ ಬದಲಾದಂತಾಯಿತು. ಧಾರವಾಡ ಇನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು, 1956ರವರೆಗೂ ಇತ್ತು. ಆದರೂ ಮೈಗ್ರೇಷನ್ ಸರ್ಟಿಫಿಕೇಟು ಬೇಕು, ಅರ್ಹತಾ ಪತ್ರ ಬೇಕು. ಅವು ಕೈಗೆ ಬರುವಷ್ಟರಲ್ಲಿ ಪ್ರವೇಶ ಮುಗಿದು ಒಂದು ವರ್ಷ ನೀರಿನಲ್ಲಿ ಹೋಯಿತು.

“ತಮ್ಮಾ, ಗಣಿತ ಎಲ್ಲಿ ಹೋದ್ರೂ ಅದೇ ಇರ್ತದ. ಕಾಗದ ಹಂಗ ಇರೂದಿಲ್ಲ ನೋಡು” ಅನ್ನುತ್ತಿದ್ದರು.

ಮರುವರ್ಷ ಅವರನ್ನು ಉಳಿಸಿದ್ದು ಸಿದ್ಧಾರ್ಥ ಕಾಲೇಜು. ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ತೆರೆದದ್ದು. ದುಡಿಯುವ ಹುಡುಗರಿಗೆಂದೇ ಅಲ್ಲಿ ಬೆಳಿಗ್ಗೆ ತರಗತಿ ನಡೆಸುತ್ತಿದ್ದರು. ನಸುಕಿನಲ್ಲಿ ಕ್ಯಾಲ್ಕ್ಯುಲಸ್, ಹಗಲು ಕಾರಕೂನಿಕೆ, ರಾತ್ರಿ ಗೆಳೆಯರ ಖೋಲಿಯಲ್ಲಿ ನೆಲದ ಮೇಲೆ ಹಾಸಿಗೆ. ಬಿ.ಎ. ಆದ ಮೇಲೆ ಬಿ.ಟಿ.ಗೆ ಸೆಕೆಂಡರಿ ಟ್ರೇನಿಂಗ್ ಕಾಲೇಜು. 1906ರಿಂದ ಹೈಸ್ಕೂಲ್ ಮಾಸ್ತರರನ್ನು ತಯಾರು ಮಾಡುತ್ತ ಬಂದ ಸರಕಾರಿ ಸಂಸ್ಥೆ ಅದು. ಆ ಒಂದು ವರ್ಷಕ್ಕೆ ನೌಕರಿ ಬಿಡಬೇಕಾಯಿತು. ನಮ್ಮವ್ವನ ಎರಡು ಬಳೆ ಹೋದದ್ದು ಆಗಲೇ.

ಮುಂದೆ ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸಿದರು. ಹಗಲು ಶಾಲೆ ಸಾಲದೆಂದು ರಾತ್ರಿ ಶಾಲೆ ಬೇರೆ. ರಾತ್ರಿ ಬರುವವರೆಲ್ಲ ದಕ್ಷಿಣ ಕನ್ನಡದ ಹೋಟೆಲ್ ಮಾಣಿಗಳು. ಬೆಂಚಿನ ಮೇಲೆ ತೂಕಡಿಸುವವರನ್ನು ಮಾವ ಎಂದೂ ಬಯ್ದವರಲ್ಲ. ಸ್ವತಃ ಇಂಗ್ಲಿಷಿನಲ್ಲಿ ಕಲಿತ ಬೀಜಗಣಿತವನ್ನು ಅವರಿಗೆ ಕನ್ನಡದಲ್ಲಿ, ಅದೂ ಮಂಗಳೂರು ಕಡೆಯ ಕಿವಿಗೆ ಹಿಡಿಸುವ ಕನ್ನಡದಲ್ಲಿ ಹೇಳಬೇಕಿತ್ತು. ಗಲ್ಲೆಯ ಲೆಕ್ಕದಿಂದ ಶೇಕಡಾ, ಹಾಲಿಗೆ ನೀರು ಬೆರೆಸಿದ್ದರಿಂದ ಅನುಪಾತ! (ಯಾವ ಹೋಟೆಲಿನ ಹಾಲು ಎಂದು ಮಾತ್ರ ಕೇಳುತ್ತಿರಲಿಲ್ಲವಂತೆ.)

1981ರಲ್ಲಿ ನಾನು ಬ್ಯಾಂಕಿಗೆ ಸೇರಿ ಅವರ ಖೋಲಿಯಲ್ಲೇ ಉಳಿದೆ. ಎಂ.ಕಾಂ. ಮುಗಿಸಿ ಮಾಸ್ತರಿಕೆಗೆ ಹೋಗುವ ಮನಸ್ಸು ನನಗೂ ಇತ್ತು, ಬೇಡವೆಂದವರು ಅವರೇ. ಕಾರಣ ಹೇಳಿರಲಿಲ್ಲ. ಶಾಲೆಯ ಹೆಡ್‌ಮಾಸ್ತರಿಕೆ ಅವರಿಗೆ ತಪ್ಪಿ, ಅವರಿಗಿಂತ ಒಂದೇ ವರ್ಷ ಮೊದಲು ಸೇರಿದವರಿಗೆ ಹೋಗಿತ್ತೆಂದು ತಿಳಿದದ್ದು 1988ರಲ್ಲಿ, ಅವರ ನಿವೃತ್ತಿಯ ದಿನ, ಬೇರೆಯವರ ಬಾಯಿಂದ. ಮನೆಗೆ ಬಂದು ಕೇಳಿದೆ. “ಹ್ಞೂಂ, ಒಂದs ವರ್ಷ” ಎಂದು ಶಾಲು ಮಡಚಿಟ್ಟು, ರಾತ್ರಿ ಶಾಲೆಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಹೊರಟರು.