ಹಿನ್ನೀರಿನ ಫೋಟೊ, ಫೋಟೊ ಇಲ್ಲದ ಊರು

ಬೇಸಿಗೆಯಲ್ಲಿ ಭದ್ರಾ ಡ್ಯಾಮಿನ ನೀರು ಇಳಿದಂತೆ ಲಕ್ಕವಳ್ಳಿ ಹಿನ್ನೀರಿನಲ್ಲಿ ಸಣ್ಣ ಸಣ್ಣ ನಡುಗಡ್ಡೆಗಳು ತಲೆ ಎತ್ತುತ್ತವೆ. ಅಲ್ಲಿಗೆ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬರುತ್ತವೆ. ಹಳದಿ ಕೊಕ್ಕು, ಕರಿ ಟೋಪಿ ಹಾಕಿದಂತಹ ತಲೆ, ಕವಲು ಬಾಲ. ಗೂಡು ಕಟ್ಟುವ ಗೋಜಿಲ್ಲ, ಬರೀ ನೆಲದ ಮೇಲೆ ಮೊಟ್ಟೆ. ಬಾಯಲ್ಲಿ ಮೀನು ಕಚ್ಚಿ ಮರಿಯ ಹತ್ತಿರ ಇಳಿಯುವ ಆ ಒಂದು ಕ್ಷಣಕ್ಕಾಗಿ ದೂರದೂರದ ಫೋಟೊಗ್ರಾಫರುಗಳು ದೋಣಿಯಲ್ಲಿ ಕಾದು ಕೂರುತ್ತಾರೆ.

ಆ ನಡುಗಡ್ಡೆಗಳು ಮೊದಲು ಗುಡ್ಡದ ನೆತ್ತಿಗಳಾಗಿದ್ದವು. ಅವುಗಳ ಬುಡದಲ್ಲಿ ಗದ್ದೆ, ತೋಟ, ಮನೆ ಇದ್ದವು. ನೀರು 186 ಅಡಿ ತುಂಬಿತೆಂದು ನಾವು ಪ್ರತಿ ಮಳೆಗಾಲ ಸುದ್ದಿ ಬರೆಯುವಾಗ ಅದು ನೆನಪಾಗುವುದು ಕಡಿಮೆ.

ನಮ್ಮ ಕಾಡಿಗೆ ಕ್ಯಾಮೆರಾ ಬಂದದ್ದು ಬಂದೂಕಿನ ಬೆನ್ನಿಗೆ. ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತ ಶಿಕಾರಿಯ ಫೋಟೊವನ್ನು ಮಲೆನಾಡಿನ ಹಳೇ ಮನೆಗಳಲ್ಲಿ ನೀವೂ ನೋಡಿರಬಹುದು. ಬಂದೂಕು ಬಿಟ್ಟು ಕ್ಯಾಮೆರಾ ಹಿಡಿಯುವ ಮಾತೂ ಹಳೆಯದೇ. ಉತ್ತರ ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್.ಡಬ್ಲ್ಯು. ಚಾಂಪಿಯನ್, ಹುಲಿ ತಂತಿ ತುಳಿದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಕಟ್ಟಿ 1927ರಲ್ಲೇ ಪುಸ್ತಕ ತಂದಿದ್ದರು. ಅದೇ ಕಾಲಕ್ಕೆ ಇಲ್ಲಿ ಕಾಡಿನ ಲೆಕ್ಕ ಬೇರೆ ಇತ್ತು. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯುತ್ತಿದ್ದದ್ದು ನಮ್ಮ ಕಾಡಿನ ಮರದ ಇದ್ದಿಲಿನಿಂದ. ಊರಿಗೆ ಅನ್ನ ಕೊಟ್ಟ ಕಾರ್ಖಾನೆ ಅದು. ಎಷ್ಟು ಕಾಡು ತಿಂದಿತು ಎನ್ನುವ ಮಾತು ಭದ್ರಾವತಿಯಲ್ಲಿ ಯಾರಿಗೂ ರುಚಿಸುವುದಿಲ್ಲ, ಆದರೂ ಹೇಳಲೇಬೇಕು.

1951ರಲ್ಲಿ ಜಾಗರ ಕಣಿವೆ ಅಭಯಾರಣ್ಯವಾಯಿತು. 1972ರ ಕಾನೂನು ಶಿಕಾರಿಗೆ ತಡೆ ಹಾಕಿತು. 1974ರಲ್ಲಿ ಲಕ್ಕವಳ್ಳಿ ಕಾಡನ್ನೂ ಸೇರಿಸಿ ಭದ್ರಾ ಎಂದು ಹೆಸರಿಟ್ಟರು, 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಈಗ ಅಲ್ಲಿ ಹುಲಿ ಎಣಿಸುವುದೇ ಕ್ಯಾಮೆರಾ. ಕಾಡುದಾರಿಯ ಎರಡೂ ಬದಿಗೆ ಒಂದೊಂದು ಕಟ್ಟುತ್ತಾರೆ. ಯಾಕೆಂದರೆ ಒಂದೇ ಹುಲಿಯ ಎಡಮಗ್ಗುಲಿನ ಪಟ್ಟೆಯೇ ಬೇರೆ, ಬಲಮಗ್ಗುಲಿನದೇ ಬೇರೆ. ಎರಡೂ ಸಿಕ್ಕರೆ ಆ ಹುಲಿಯ ಗುರುತು ಪಕ್ಕಾ.

ಅದೇ ಕಾಡಿನೊಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಹೊತ್ತಿಗೆ ಎಂ.ಸಿ. ಹಳ್ಳಿ, ಕೆಳಗೂರಿನ ಕಡೆಗೆ ಹೊರಬಂದವು. ದೇಶದಲ್ಲೇ ಒಳ್ಳೆಯ ರೀತಿ ನಡೆದ ಸ್ಥಳಾಂತರ ಎಂಬ ಹೆಸರು ಅದಕ್ಕಿದೆ. ಇರಲಿ. ಹುಲಿಗೆ ಎಡ, ಬಲ ಎರಡೂ ಫೋಟೊ ಇವೆ. ಬಿಟ್ಟುಬಂದ ಅಂಗಳದ್ದು ಎಷ್ಟು ಮನೆಯಲ್ಲಿದೆ?

ಶರಾವತಿಯ ಕಥೆ ಇನ್ನೂ ದೊಡ್ಡದು. ಬ್ರಿಟಿಷರು ಗೇರುಸೊಪ್ಪೆ ಜಲಪಾತ ಎನ್ನುತ್ತಿದ್ದ ಜೋಗವನ್ನು 19ನೇ ಶತಮಾನದಲ್ಲೇ, ಗಾಜಿನ ಪ್ಲೇಟು, ಮರದ ಕ್ಯಾಮೆರಾ ಹೊತ್ತುಕೊಂಡು ಹೋಗಿ ಫೋಟೊ ತೆಗೆದಿದ್ದಾರೆ. ಡ್ಯಾಮ್ ಕಟ್ಟುವ ಮೊದಲು ರಾಜ, ರಾಣಿ, ರೋರರ್, ರಾಕೆಟ್ ಹೇಗೆ ಧುಮುಕುತ್ತಿದ್ದವೆಂದು ಇವತ್ತು ಕಣ್ಣಾರೆ ನೋಡಬಹುದಾದರೆ ಅದು ಆ ಫೋಟೊಗಳಿಂದ. ಆದರೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿ, ಮೇಲೆ ಮುಳುಗಿದ ಹಳ್ಳಿಗಳ ಕಡೆ ಯಾರ ಕ್ಯಾಮೆರಾವೂ ಅಷ್ಟು ಆಸೆಯಿಂದ ತಿರುಗಲಿಲ್ಲ. ಹಳ್ಳಿಯವರಿಗೆ ಫೋಟೊ ಎಂದರೆ ಪೇಟೆಯ ಸ್ಟುಡಿಯೋ, ಅದೂ ಮದುವೆ ಆದ ಮೇಲೆ ಒಂದು ಸಲ.

ಆ ಸಂತ್ರಸ್ತರ ಮಕ್ಕಳು, ಮೊಮ್ಮಕ್ಕಳು ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳಲ್ಲೂ ಇದ್ದಾರೆ. ಕೂತ ಜಮೀನಿಗೆ ಹಕ್ಕುಪತ್ರ ಕೇಳಿ ಈಗಲೂ ಅಲೆಯುವವರಿದ್ದಾರೆ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಲಿಂಗನಮಕ್ಕಿಯೊಳಗೆ ಮುಳುಗಿದ ಮಡೆನೂರಿನ ಹಳೇ ಡ್ಯಾಮ್ ಮೇಲೇಳುತ್ತದೆ. ಒಣಗಿದ ಕೆಸರಿನ ಮೇಲೆ ನಡೆದು ಹೋಗಿ ನಮ್ಮ ಹುಡುಗರು ಅದರ ಫೋಟೊ, ರೀಲ್ಸ್ ಮಾಡುತ್ತಾರೆ. ಚೆನ್ನಾಗಿಯೇ ಬರುತ್ತದೆ. ಜೊತೆಗೆ ಒಬ್ಬ ಅಜ್ಜನನ್ನು ಕರೆದುಕೊಂಡು ಹೋದರೆ ಯಾವ ದಿಬ್ಬ ಯಾವ ಊರಿನದು ಎನ್ನುವುದೂ ಫೋಟೊದ ಜೊತೆ ಸೇರುತ್ತದೆ.

ಮನೆಯ ಟ್ರಂಕಿನಲ್ಲಿ ಹಳೇ ಫೋಟೊ ಇದ್ದರೆ ಹೊರಗೆ ತೆಗೆಯಿರಿ. ಮದುವೆ ಫೋಟೊದಲ್ಲಿ ಮದುಮಕ್ಕಳ ಹಿಂದೆ ಜಗಲಿಯೋ ಅಡಿಕೆ ಮರವೋ ಕಾಣುತ್ತಿದೆಯೇ ನೋಡಿ. ಕಿಟಕಿ ಬೆಳಕಿನಲ್ಲಿಟ್ಟು, ಫ್ಲ್ಯಾಶ್ ಹಾಕದೆ ಮೊಬೈಲಿನಲ್ಲಿ ಹಿಡಿಯಿರಿ. ಹಿಂಬದಿಗೆ ಊರು, ಹೆಸರು, ವರ್ಷ ಬರೆಯುವಾಗ ಪೆನ್ಸಿಲ್ ಬಳಸಿ. ಬಾಲ್‌ಪೆನ್ ಒತ್ತಿದರೆ ಮುಂದಿನ ಮುಖದ ಮೇಲೆ ಗೀರು ಮೂಡುತ್ತದೆ.