ಗ್ರಂಥಪಾಲಕರೂ ಸಂಶೋಧನ ಶಿಕ್ಷಣವೂ

ಆಕರಗಳನ್ನು ಹುಡುಕಿ ತೂಗಿನೋಡುವ ವಿದ್ಯೆಯನ್ನು ವಿದ್ಯಾರ್ಥಿಗೆ ಕಲಿಸತಕ್ಕವರು ಯಾರು? ಅಧ್ಯಾಪಕರೊ, ಗ್ರಂಥಪಾಲಕರೊ? ಅಮೆರಿಕೆಯ ವಿದ್ಯಾಸಂಸ್ಥೆಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ದೊರೆಯುತ್ತವೆ.

ಹಿಂದೆ ಅಲ್ಲಿಯ ಕಾಲೇಜುಗಳಲ್ಲಿ ಗೊತ್ತಾದ ಪಠ್ಯವನ್ನು ಒಪ್ಪಿಸುವುದೇ ಬಹುಮಟ್ಟಿಗೆ ವ್ಯಾಸಂಗವೆನಿಸಿದ್ದಿತು. ವಿದ್ಯಾರ್ಥಿಗೆ ಗ್ರಂಥಭಂಡಾರದ ಅಗತ್ಯವೇ ಅಷ್ಟಾಗಿ ತೋರುತ್ತಿರಲಿಲ್ಲ. ಕಾಲೇಜುಗಳು ಪುಸ್ತಕಗಳನ್ನು ಒದಗಿಸುವುವೇ ಹೊರತು ಪುಸ್ತಕಗಳಿಗೊಬ್ಬ ಪ್ರಾಧ್ಯಾಪಕನನ್ನು ಒದಗಿಸವೆಂದು ಎಮರ್ಸನ್ನರು ೧೮೫೮ರಲ್ಲಿಯೇ ಆಕ್ಷೇಪಿಸಿದ್ದರು. ಅನಂತರ ಜರ್ಮನಿಯ ಸೆಮಿನಾರ್ ಪದ್ಧತಿಯು ಮಿಷಿಗನ್ ಮೊದಲಾದ ವಿಶ್ವವಿದ್ಯಾನಿಲಯಗಳಿಗೆ ಬಂದು, ಮೂಲ ಆಕರಗಳನ್ನೇ ಪರೀಕ್ಷಿಸುವ ಕ್ರಮವು ಬಳಕೆಗೆ ಬರಲು, ಈ ಕೊರತೆಯು ಎದ್ದು ಕಂಡಿತು. ಮಿಷಿಗನ್ನಿನ ಗ್ರಂಥಪಾಲಕರಾದ ರೇಮಂಡ್ ಡೇವಿಸರು ೧೮೭೯ರಲ್ಲಿ ಗ್ರಂಥಗಳ ಉಪಯೋಗವನ್ನು ಕುರಿತು ಉಪನ್ಯಾಸಗಳನ್ನು ಆರಂಭಿಸಿದರು. ಮುಂದೆ ಅದೇ ಪದವಿಗೆ ಎಣಿಕೆಯಾಗುವ ವ್ಯಾಸಂಗವಾಯಿತು.

ಗ್ರಂಥಪಾಲಕರೇ ಪ್ರತ್ಯೇಕವಾಗಿ ಕಲಿಸುವ ಈ ಕ್ರಮವೇ ಮೊದಲನೆಯ ಉತ್ತರ. ಆದರೆ ಮನಸ್ಸಿನಲ್ಲಿ ಪ್ರಶ್ನೆಯೇ ಇಲ್ಲದವನಿಗೆ ಗ್ರಂಥಸೂಚಿಗಳನ್ನು ಬೋಧಿಸುವುದು ದಡದಲ್ಲಿ ನಿಲ್ಲಿಸಿ ಈಜು ಕಲಿಸಿದಂತೆ. ೧೯೬೨ರಲ್ಲಿ ಇಂಡಿಯಾನಾ ಪ್ರಾಂತದ ಅರ್ಲ್‌ಹ್ಯಾಂ ಕಾಲೇಜಿನ ಗ್ರಂಥಪಾಲಕರಾದ ಇವಾನ್ ಫಾರ್ಬರರು ಎರಡನೆಯ ದಾರಿಯನ್ನು ಹಿಡಿದರು. ಅಧ್ಯಾಪಕರು ಪ್ರಬಂಧದ ವಿಷಯವನ್ನು ಕೊಟ್ಟಾಗ, ಅವರದೇ ತರಗತಿಯಲ್ಲಿ, ಆ ವಿಷಯದ ಆಕರಗಳನ್ನು ಗ್ರಂಥಪಾಲಕರು ವಿವರಿಸುವರು. ಅಗತ್ಯವೂ ಉಪದೇಶವೂ ಹೀಗೆ ಒಂದೇ ಕಾಲದಲ್ಲಿ ಕೂಡುವುವು.

ಈ ಕ್ರಮಕ್ಕೂ ಒಂದು ತೊಡಕುಂಟು. ಅಧ್ಯಾಪಕರು ತರಗತಿಯ ಬಾಗಿಲನ್ನು ತೆರೆಯದಿದ್ದಲ್ಲಿ ಗ್ರಂಥಪಾಲಕರ ವಿದ್ವತ್ತು ಕಪಾಟಿನಲ್ಲಿಯೇ ಉಳಿಯುವುದು. ಆದುದರಿಂದ ಸಂಶೋಧನ ಶಿಕ್ಷಣವು ಒಬ್ಬರ ಸೊತ್ತಲ್ಲ: ಪ್ರಶ್ನೆಯನ್ನು ಹುಟ್ಟಿಸುವ ಭಾರ ಅಧ್ಯಾಪಕರದು, ಉತ್ತರದ ದಾರಿಯನ್ನು ತೋರುವ ಭಾರ ಗ್ರಂಥಪಾಲಕರದು.